‘ಬೇಡ’ ಇಲ್ಲದ ಮೆನು

ಹೋದ ತಿಂಗಳು ಭಟ್ಕಳದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಸರಿಮಾಡಲು ಕೂತಿದ್ದೆ. ಹೊರಗೆ ಮಳೆ. ಪಕ್ಕದಲ್ಲಿ ಲ್ಯಾಮಿನೇಶನ್ ಯಂತ್ರ ಕಾಯುತ್ತಿತ್ತು. ಬಿಸಿ ಪ್ಲಾಸ್ಟಿಕ್ಕಿನ ವಾಸನೆಯ ಜೊತೆಗೆ ಕಾಗದದ ಕಟ್ಟುಗಳ ಮುಗ್ಗಲು ವಾಸನೆ. ಅಂಗಡಿಯ ಯಜಮಾನರು ಮನೆಯಲ್ಲಿ ನವಾಯತಿ, ಗಿರಾಕಿಗಳ ಹತ್ತಿರ ಉರ್ದು, ನನ್ನ ಹತ್ತಿರ ಕನ್ನಡ ಮಾತಾಡುವವರು. ಪರದೆಯ ಕಡೆ ಕೈ ಮಾಡಿ, “ಅಕ್ಕಾ, ಈ ಮೆನು ತೆಗೆದ್ರೆ ಇಷ್ಟುದ್ದ ಬರ್ತದೆ. ಬೇಕಾದ್ದು ಹುಡುಕೂದ್ರಲ್ಲೇ ಗಿರಾಕಿ ಎದ್ದು ಹೋಗ್ತಾರೆ” ಅಂದರು.

“ಒಂದೊಂದು ಜಾತಿಯ ಫೈಲಿಗೆ ಒಂದೊಂದು ಮೆನು ಮಾಡಿ ಕೊಡ್ತೆ. ಬೇಕಾದ್ದು ಮಾತ್ರ ಕಾಣ್ಬೇಕು” ಅಂದೆ. ಅಂದ ಮೇಲೆ ಗೊತ್ತಾಯಿತು, ಅದು ನನ್ನ ಮಾತಲ್ಲ, ದತ್ತಣ್ಣನದು. ಅರ್ಜಿಯ ಫೈಲಿಗೊಂದು, ಬಿಲ್ಲಿನ ಫೈಲಿಗೊಂದು ಮಾಡಿದೆ. “ಪ್ರೂಫಿನ ಫೈಲಿಗೆ ಎಂತ ಇಡೂದು?” ಎಂದು ಅವರು ಕೇಳಿದರು. ನನ್ನ ಕೈ ತಾನಾಗಿ ‘ಬೇಡ’ ಎಂದು ಟೈಪು ಮಾಡಿತು. ಕೀಬೋರ್ಡನ್ನು ಪಕ್ಕಕ್ಕೆ ಸರಿಸಿದೆ. ಅವರು ಚಾ ತರಿಸಿದರು.

ದತ್ತಣ್ಣ ನನ್ನ ಒಡಹುಟ್ಟಿದ ಅಣ್ಣ. ಕುಮಟೆಯ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನಾವಿಬ್ಬರೂ ಡಿಟಿಪಿ ಅಂಗಡಿ ನಡೆಸುತ್ತಿದ್ದೆವು. ಮದುವೆ ಕಾಗದ, ಸತ್ತವರ ಕಾರ್ಡು, ಶಾಲೆಯ ಸ್ಮರಣ ಸಂಚಿಕೆ, ಸಂಘದ ವರದಿ, ಯಾರು ಎಂತ ತಂದರೂ ಅಕ್ಷರ ಕೂಡಿಸಿ ಪ್ರೆಸ್ಸಿಗೆ ಕಳಿಸುವುದು. ಬೇರೆಯವರೆಲ್ಲ ಬಣ್ಣಬಣ್ಣದ ಸಾಫ್ಟ್‌ವೇರ್ ಹಾಕಿಕೊಂಡು ಕೂತಿದ್ದರೆ ದತ್ತಣ್ಣ ಬರೀ ಅಕ್ಷರ ಬರೆಯುವ ಒಂದು ಬೋಳು ಎಡಿಟರಿಗೆ ಅಂಟಿಕೊಂಡಿದ್ದ. “ಮೊದ್ಲು ಮಾತು ಸರಿ ಆಗ್ಲಿ, ಶೃಂಗಾರ ಆಮೇಲೆ” ಎನ್ನುತ್ತಿದ್ದ. ಆ ಎಡಿಟರಿನಲ್ಲಿ ಒಂದು ಸೌಕರ್ಯ ಇತ್ತು. ಫೈಲಿನ ಹೆಸರಿನ ಕೊನೆಗೆ ಒಂದು ಚುಕ್ಕಿ ಇಟ್ಟು ಅದರ ಜಾತಿ ಬರೆದರೆ, ಆ ಜಾತಿಗೆ ನಾವೇ ಬರೆದಿಟ್ಟ ಮೆನು ಮೇಲೆ ಬರುತ್ತದೆ. ಬೇರೆಯದು ಕಾಣುವುದಿಲ್ಲ.

ಅದಕ್ಕೆ ಅವನು ಕೈ ಹಾಕಿದ್ದು ಒಂದು ಎಡವಟ್ಟು ಆದ ಮೇಲೆ. ಮೊದಲು ಎಲ್ಲ ಸಿದ್ಧ ವಾಕ್ಯಗಳೂ ಒಂದೇ ಮೆನುವಿನಲ್ಲಿದ್ದವು. ಮಂಕಿಯ ಕಡೆಯ ಒಬ್ಬ ಅಜ್ಜನ ಉತ್ತರಕ್ರಿಯೆಯ ಕಾರ್ಡು ಮಾಡುವಾಗ ನನ್ನ ಕೈ ಒಂದು ಸಾಲು ಕೆಳಗೆ ಜಾರಿ, ‘ಸದ್ಗತಿ ಕೋರಬೇಕಾಗಿ ವಿನಂತಿ’ಯ ಕೆಳಗೆ ‘ನಿಮ್ಮ ಆಗಮನವೇ ನಮಗೆ ಉಡುಗೊರೆ’ ಬಂದು ಕೂತಿತು. ಪ್ರೂಫ್ ನೋಡಲು ಬಂದ ಮಗ ಅದನ್ನು ಓದಿ ಮೊದಲು ಕೆಂಪಾದ, ಆಮೇಲೆ ನಕ್ಕೇಬಿಟ್ಟ. ಅಪ್ಪಯ್ಯ ಇದ್ದಿದ್ದರೆ ಇದನ್ನೇ ಇಡಲು ಹೇಳುತ್ತಿದ್ದರು ಅಂದ. ಅವನು ನಕ್ಕ, ದತ್ತಣ್ಣ ನಗಲಿಲ್ಲ. ಆ ದಿನವೇ ಕೂತು ಲಗ್ನಕ್ಕೆ ಬೇರೆ, ಸಾವಿಗೆ ಬೇರೆ, ಪ್ರೂಫಿಗೆ ಬೇರೆ ಮೆನು ಮಾಡಿದ. ನನ್ನನ್ನು ಬೈಯಲೂ ಮರೆಯಲಿಲ್ಲ.

ಪ್ರೂಫಿನದು ಅವನದೇ ಕ್ರಮ. ಗಿರಾಕಿ ಒಂದು ಸಾಲನ್ನು ತೆಗೆಯಿರಿ ಅಂದರೆ ನಾವು ತೆಗೆಯುತ್ತಿರಲಿಲ್ಲ. ಮೆನುವಿನಿಂದ ‘ಬೇಡ’ ಒತ್ತಿದರೆ ಆ ಸಾಲಿನ ಮುಂದೆ ‘ಬೇಡ’ ಎಂದು ಬೀಳುತ್ತದೆ, ಕರ್ಸರ್ ಮುಂದಿನ ಸಾಲಿಗೆ ಹೋಗುತ್ತದೆ. ಸರಿ ಇದ್ದರೆ ‘ಹೀಗೇ ಇರಲಿ’. ಎಲ್ಲ ಸಾಲಿಗೂ ಗುರುತು ಬಿದ್ದ ಮೇಲೆ ಇನ್ನೊಮ್ಮೆ ತೋರಿಸಿ, ಒಪ್ಪಿದ ಮೇಲೆ ಬೇಡ ಅಂದದ್ದನ್ನು ಅಳಿಸುವುದು. “ಜನ ಸಿಟ್ಟಲ್ಲಿ ಅತ್ತೆ ಹೆಸ್ರು ತೆಗೀರಿ ಅಂತಾರೆ, ಮನೆಗೆ ಹೋದ್ಮೇಲೆ ಫೋನು ಮಾಡ್ತಾರೆ” ಎನ್ನುತ್ತಿದ್ದ. ಯಾರಿಗಾದರೂ ತೋರಿಸಿ ಒಪ್ಪಿಗೆ ಕೇಳಬೇಕಾದದ್ದು ಎಂತದೇ ಇರಲಿ, ಅದನ್ನು ಪ್ರೂಫ್ ಎಂದೇ ಉಳಿಸುವುದು ನಮ್ಮ ಅಂಗಡಿಯ ಅಭ್ಯಾಸ. ಹಾಗೆ ಮಾಡಿ ಮಾಡಿ ಕೈಗೆ ಬೇರೆ ಗೊತ್ತೇ ಇರಲಿಲ್ಲ.

ಕಾಯಿಲೆ ಶುರುವಾದದ್ದು ಬಲಗೈಯಲ್ಲಿ. ಮೌಸು ಜಾರುತ್ತದೆ ಅಂದ. ಮೌಸು ಬದಲಿಸಿದೆವು. ಚಾದ ಲೋಟ ಜಾರಿತು. ಆಮೇಲೆ ಮಾತು ತೊದಲತೊಡಗಿತು. ಕುಡಿದು ಬಂದಿದ್ದಾನೆ ಎಂದು ಒಬ್ಬ ಗಿರಾಕಿ ನನ್ನ ಹತ್ತಿರ ಪಿಸುಗುಟ್ಟಿದಾಗ ನನಗೆ ಬಂದ ಸಿಟ್ಟಿಗೆ ಅವನ ಕೆಲಸವನ್ನೇ ವಾಪಸು ಕೊಟ್ಟೆ. ಡಾಕ್ಟರು ಹೇಳಿದ್ದು ನರಗಳ ರೋಗ. ಮೈಯ ಒಂದೊಂದೇ ಸ್ನಾಯು ಸೋಲುತ್ತ ಹೋಗುತ್ತದೆ, ಬುದ್ಧಿ ಮಾತ್ರ ಹಾಗೇ ಇರುತ್ತದೆ, ಮದ್ದಿಲ್ಲ ಎಂದರು. ಬುದ್ಧಿ ಹಾಗೇ ಇರುತ್ತದೆ ಎಂಬುದನ್ನು ಅವರು ಸಮಾಧಾನಕ್ಕೆಂದು ಹೇಳಿದ್ದು. ನನಗೆ ಅದೇ ಹೆಚ್ಚು ಹೆದರಿಕೆಯಾಯಿತು.

ಆ ವರ್ಷದ ಮಳೆ ಹಿಡಿಯುವ ಹೊತ್ತಿಗೆ ಅವನು ಹೊಳನಗದ್ದೆಯ ಮನೆಯಲ್ಲಿ ಮಲಗಿದ್ದ. ನಾಲಿಗೆ ಪೂರ್ತಿ ಬಿದ್ದು ಹೋಗಿತ್ತು. ಕುತ್ತಿಗೆ ನಿಲ್ಲದೆ ಪಟ್ಟಿ ಕಟ್ಟಿದ್ದರು. ಉಳಿದದ್ದು ಎಡಗೈಯ ಹೆಬ್ಬೆರಳು. ನಾನು ಅಂಗಡಿಯ ಲ್ಯಾಪ್‌ಟಾಪನ್ನು ಅವನ ಎದುರು ಸ್ಟೂಲಿನ ಮೇಲಿಟ್ಟು, ಹೆಬ್ಬೆರಳ ಕೆಳಗೆ ಒಂದು ದೊಡ್ಡ ಗುಂಡಿ ಕೂಡಿಸಿದೆ. ಚಿಕ್ಕದಾಗಿ ಒತ್ತಿದರೆ ಮೆನುವಿನಲ್ಲಿ ಒಂದು ಸಾಲು ಕೆಳಗೆ. ಒತ್ತಿ ಹಿಡಿದರೆ ಆ ಸಾಲು ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ. ಹೊಸ ಜಾತಿಯ ಫೈಲು ಮಾಡಿ ಅದಕ್ಕೆ ‘ಮಾತು’ ಎಂದು ಹೆಸರಿಟ್ಟೆ. ‘ನೀರು’, ‘ಮಗ್ಗಲು ತಿರುಗಿಸು’, ‘ಸೊಳ್ಳೆ’, ‘ಫ್ಯಾನು’, ‘ಬೆನ್ನು ತುರಿಸುತ್ತದೆ’. ಅಕ್ಷರಮಾಲೆಯನ್ನೂ ಕೊನೆಗಿಟ್ಟಿದ್ದೆ, ಬೇಕಾದರೆ ಒಂದೊಂದೇ ಅಕ್ಷರ ಹೆಕ್ಕಿ ಬರೆಯಲಿ ಎಂದು.

ಮೊದಮೊದಲು ಅವನು ಅದರಲ್ಲೇ ಬರೆಯುತ್ತಿದ್ದ. ಮೆನುವಿಗೆ ಇಂಥದ್ದು ಹಾಕು ಎಂದು ಹುಕುಂ ಮಾಡುತ್ತಿದ್ದ. ‘ನಿನ್ನ ತಲೆ’ ಹಾಕಿಸಿಕೊಂಡ. ನೋಡಲು ಬರುವ ನೆಂಟರಿಗೆಂದು ‘ಊಟ ಮಾಡಿಕೊಂಡೇ ಹೋಗಿ’ ಹಾಕಿಸಿಕೊಂಡು, ತಾಸುಗಟ್ಟಲೆ ಕೂತು ಕಣ್ಣೀರು ಒರೆಸುವವರಿಗೆ ಬೇಕೆಂದೇ ಅದನ್ನು ತೋರಿಸುತ್ತಿದ್ದ. ಅವರು ಗಡಬಡಿಸಿ ಏಳುತ್ತಿದ್ದರು. ನಾನು ಅಡುಗೆಮನೆಗೆ ಹೋಗಿ ನಗುತ್ತಿದ್ದೆ. ಆ ಮಳೆಗಾಲದಲ್ಲಿ ನಾನು ನಕ್ಕದ್ದು ಅಷ್ಟೇ.

ಒಂದು ದಿನ ಬೆಳಿಗ್ಗೆ ಅವನು ಬಹಳ ಹೊತ್ತು ಅಕ್ಷರ ಹೆಕ್ಕಿದ. ಗದ್ದೆಯಲ್ಲಿ ನೆಟ್ಟಿ ನಡೆದಿತ್ತು. ನೆಡುವ ಹೆಂಗಸರ ಹಾಡು ಮಳೆಯ ಸದ್ದಿನಲ್ಲಿ ಬಂದು ಬಂದು ಹೋಗುತ್ತಿತ್ತು. ಹಾಡು ನಿಂತು ಅವರು ಗಂಜಿಗೆ ಹೋದರೂ ಇವನ ವಾಕ್ಯ ಮುಗಿದಿರಲಿಲ್ಲ. ಕೊನೆಗೆ ಪರದೆಯ ಮೇಲೆ ನಿಂತದ್ದು: ‘ಬೇಡ ಅಂತ ಒಂದು ಇಡು.’

ನೋಡಿದರೆ ಹೌದು. ಅಷ್ಟೊಂದು ಸಾಲುಗಳಲ್ಲಿ ‘ಬೇಡ’ ಇರಲಿಲ್ಲ. ಬೇಕು ಬೇಕು ಎಂಬುದರ ಮೆನು ಅದು. ಬೇಡವಾದದ್ದಕ್ಕೆ ಅವನು ಕಣ್ಣು ಮುಚ್ಚುತ್ತಿದ್ದ, ನಾವು ನಿದ್ದೆ ಬಂತು ಅಂದುಕೊಳ್ಳುತ್ತಿದ್ದೆವು. ನಾನು ಸೇರಿಸಲು ಹೊರಟಾಗ ಹಿಂದಿನಿಂದ ಶಾರದತ್ತಿಗೆ ನನ್ನ ಕೈ ಹಿಡಿದಳು. ಶಾರದತ್ತಿಗೆ ಅಂದರೆ ದತ್ತಣ್ಣನ ಹೆಂಡತಿ.

“ಅದೊಂದ ಇಡೂದು ಬ್ಯಾಡ” ಎನ್ನಬೇಕಿತ್ತು ಅವಳು. ಆದರೆ ಅವಳು ಆ ಪದ ಆಡುವವಳಲ್ಲ. “ಬೇರೆ ಎಂತದಾದ್ರೂ ಇಡು ಸುಮಾ” ಅಂದಳು.

ಅವಳ ತವರಿನ ರೀತಿಯೇ ಹಾಗೆ. ಅಕ್ಕಿ ಮುಗಿದರೆ ‘ಅಕ್ಕಿ ಹೆಚ್ಚಾತು’ ಅನ್ನಬೇಕು. ದೀಪ ಆರಿಸು ಅನ್ನಬಾರದು, ‘ದೀಪ ದೊಡ್ಡದು ಮಾಡು’ ಅನ್ನಬೇಕು. ಹೊರಟವರು ‘ಬತ್ತೆ’ ಅನ್ನಬೇಕು, ಹೋಗ್ತೆ ಅಂದರೆ ಕರೆದು ಕೂರಿಸಿ ಮತ್ತೆ ಹೊರಡಿಸುತ್ತಿದ್ದಳು. ನಾವು ಅವಳನ್ನು ಇದಕ್ಕಾಗಿ ಎಷ್ಟೋ ವರ್ಷ ಗೋಳು ಹೊಯ್ದುಕೊಂಡಿದ್ದೇವೆ. ಅಂಗಡಿಗೆ ಬಂದರೆ ಸಾವಿನ ಮೆನು ತೆರೆದ ಪರದೆಯ ಕಡೆ ನೋಡುತ್ತಲೂ ಇರಲಿಲ್ಲ.

ನಾನು ಅವಳನ್ನು ಜಗಲಿಗೆ ಕರೆದುಕೊಂಡು ಹೋಗಿ ಜಗಳ ಮಾಡಿದೆ. “ಅತ್ತಿಗೆ, ಒಬ್ಬ ಮನಷನಿಗೆ ಬ್ಯಾಡ ಅಂಬೂಕೂ ಸಾತಂತ್ರ್ಯ ಇಲ್ದೇ ಹೋದ್ರೆ ಹ್ಯಾಂಗೆ?”

“ನಂಗೆ ತಿಳಿಯೂದಿಲ್ವಾ?” ಅಂದಳು. “ಅದೊಂದು ಇಟ್ರೆ ಅವ್ರು ಮತ್ತೆಂತದೂ ಒತ್ತೂದಿಲ್ಲ. ಗಂಜಿಗೆ ಅದನ್ನೇ, ಮದ್ದಿಗೆ ಅದನ್ನೇ. ಆಮೇಲೆ ನಾ ಎಂತ ಮಾಡೂದು? ನೀ ಸಂಜಿಗೆ ಗಾಡಿ ಹತ್ತಿ ಕುಮಟಿಗೆ ಹೋಗ್ತಿ.”

ಉಣಿಸುವವಳು, ಒರೆಸುವವಳು, ಕಫ ತೆಗೆಯುವವಳು, ರಾತ್ರಿಯೆಲ್ಲ ಅವನ ಉಸಿರು ಕೇಳುತ್ತ ಮಲಗುವವಳು ಅವಳು. ನನ್ನದು ಮೆನು ಮಾತ್ರ. ಒಳಗೆ ಬಂದು ದತ್ತಣ್ಣನಿಗೆ, “ಅತ್ತಿಗೆ ಒಪ್ಪೂದಿಲ್ಲ” ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ಅವಳನ್ನು ನೋಡಿದ. ಆಮೇಲೆ ಹೆಬ್ಬೆರಳು ಸಾಲು ಸಾಲು ಇಳಿದು ‘ನಿನ್ನ ತಲೆ’ಯ ಮೇಲೆ ನಿಂತಿತು. ಅದು ನಮ್ಮಿಬ್ಬರಲ್ಲಿ ಯಾರಿಗೆ ಎಂದು ನಾವು ಕೇಳಲಿಲ್ಲ.

ಅಕ್ಷರ ಹೆಕ್ಕಿ ಅವನು ಬರೆದ ಕೊನೆಯ ವಾಕ್ಯ ‘ಬೇಡ ಅಂತ ಒಂದು ಇಡು’ ಎಂಬುದೇ ಆಯಿತು. ಹೆಬ್ಬೆರಳು ಬೇಗ ಸೋಲತೊಡಗಿತು. ಅಕ್ಷರಮಾಲೆ ತೆಗೆದೆ. ಕೆಳಗಿನ ಸಾಲಿನವರೆಗೆ ಹೋಗಲು ಅವನಿಗೆ ಶಕ್ತಿ ಸಾಲುವುದಿಲ್ಲವೆಂದು ಪ್ರತಿ ಸಲ ಹೋದಾಗಲೂ ಮೆನು ಚಿಕ್ಕದು ಮಾಡುತ್ತಿದ್ದೆ. ಯಾವುದನ್ನು ತೆಗೆಯುವುದು ಎಂದು ಅವನ ಎದುರೇ ಓದುತ್ತಿದ್ದೆ. ‘ಫ್ಯಾನು’ ಹೋಯಿತು, ಮಳೆಯಲ್ಲವೇ ಎಂದು. ‘ಪೇಪರ್ ಓದು’ ಹೋಯಿತು. ‘ಊಟ ಮಾಡಿಕೊಂಡೇ ಹೋಗಿ’ ತೆಗೆದ ದಿನ ನಾನು ದಾರಿಯಲ್ಲಿ ಗಾಡಿ ನಿಲ್ಲಿಸಿ ಅತ್ತೆ. ರೇನ್‌ಕೋಟಿನೊಳಗೆ ಅಳುವುದು ಯಾರಿಗೂ ಕಾಣುವುದಿಲ್ಲ, ಅದೊಂದು ಅನುಕೂಲ. ‘ನಿನ್ನ ತಲೆ’ ಮಾತ್ರ ಇಟ್ಟುಕೊಂಡಿದ್ದೆ.

ಮಳೆ ಬಿಡುವೇ ಕೊಡದ ಒಂದು ವಾರದಲ್ಲಿ ಕಫ ಕಟ್ಟಿ ಉಸಿರು ಸಿಗದಾಯಿತು. ಕುಮಟೆಯ ಡಾಕ್ಟರು ಬಂದು ನೋಡಿ, ಇನ್ನು ಮಂಗಳೂರಿನ ಕಡೆಗೇ ಒಯ್ಯಬೇಕು, ಅಲ್ಲಿ ಏನೇನು ಮಾಡುತ್ತಾರೆ ಎಂಬುದನ್ನು ರೋಗಿಗೂ ತಿಳಿಸಿ ಅಂದರು. ದತ್ತಣ್ಣನಿಗೆ ಯಾರು ಬಾಯಲ್ಲಿ ಹೇಳಿದರೂ ಆಗುತ್ತಿರಲಿಲ್ಲ. ಬರೆದು ತೋರಿಸಬೇಕು, ಅಂಗಡಿಯ ಕಾಲದಿಂದಲೂ ಹಾಗೇ. “ನೀ ಬರ್ದು ಇಡು, ದಾರಿ ಮೇಲೆ ಓದ್ತ್ರು” ಅಂದಳು ಅತ್ತಿಗೆ, ಬಟ್ಟೆ ಗಂಟು ಕಟ್ಟುತ್ತ. ಆಂಬುಲೆನ್ಸ್ ಬರುವಷ್ಟರಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬರೆದೆ.

ಗಂಟಲಲ್ಲಿ ತೂತು ಮಾಡಿ ಉಸಿರಿನ ಮಶೀನು ಕೂಡಿಸುತ್ತಾರೆ.

ಹೊಟ್ಟೆಗೆ ನಳಿಗೆ ಹಾಕಿ ಊಟ ಕೊಡುತ್ತಾರೆ.

ಮಶೀನು ಬಿಟ್ಟು ಇರಲು ಆಗದಿದ್ದರೆ ಆಸ್ಪತ್ರೆಯಲ್ಲೇ ಇರಬೇಕಾಗಬಹುದು.

ಅತ್ತಿಗೆ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದಳು. “ಕೆಳಗೆ ನಂದೊಂದು ಹಾಕು” ಅಂದಳು. ಹಾಕಿದೆ: ಶಾರದಾ ಜೊತೆಗೆ ಇರುತ್ತಾಳೆ. ಹೊರಗೆ ಗಾಡಿ ಬಂದ ಸದ್ದಾಯಿತು. ಫೈಲು ಉಳಿಸಿ ಮುಚ್ಚಿದೆ.

ಹೊನ್ನಾವರ ದಾಟಿ ಶರಾವತಿಯ ಸೇತುವೆ ಮೇಲೆ ಬಂದಾಗ ಕೆಳಗೆ ನೀರು ಯಾವುದು, ಮೇಲೆ ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ಮಂಕಿಯಲ್ಲಿ ಒಮ್ಮೆ ನಿಲ್ಲಿಸಿ ಆಕ್ಸಿಜನ್ ನೋಡಿದರು. ಶಿರಾಲಿಯಲ್ಲಿ ಗಾಡಿಗಳ ಸಾಲು ನಿಂತಿತ್ತು. ಮುಂದೆ ಹೆದ್ದಾರಿಯ ಮೇಲೆ ನೀರು ಬಂದಿದೆ ಅಂದರು. ಡ್ರೈವರು ಭಟ್ಕಳದವನು, ಇಳಿದು ಹೋಗಿ ವಿಚಾರಿಸಿ ಬಂದ. “ನೀರು ಇಳಿದ ಮೇಲೇ ಬಿಡೋದಂತೆ ಅಕ್ಕಾ. ನಾ ದಾರಿ ಬಿಡ್ಸಿಕೊಳ್ತೇನೆ, ಹೆದರ್ಬೇಡಿ” ಅಂದ.

ದತ್ತಣ್ಣನ ಹೆಬ್ಬೆರಳು ಹೊದಿಕೆಯ ಮೇಲೆ ಗುಂಡಿ ಹುಡುಕುತ್ತಿತ್ತು. ಲ್ಯಾಪ್‌ಟಾಪ್ ತೆರೆದು ನನ್ನ ತೊಡೆಯ ಮೇಲಿಟ್ಟು, ಗುಂಡಿಯನ್ನು ಅವನ ಕೈಗೆ ಕೊಟ್ಟು, ಬರೆದಿಟ್ಟದ್ದನ್ನು ತೆರೆದೆ. ಆಗ ಮೇಲೆ ಬಂದ ಮೆನು ‘ಮಾತು’ ಫೈಲಿನದಲ್ಲ. ಪ್ರೂಫಿನದು. ತೋರಿಸಬೇಕಾದ ಫೈಲೆಂದು ನನ್ನ ಕೈ ಅದನ್ನು ಪ್ರೂಫ್ ಎಂದೇ ಉಳಿಸಿತ್ತು. ಇಡೀ ಮಳೆಗಾಲ ಅವನಿಗೆ ಸಿಗದ ಪದ ಮೆನುವಿನ ಮೊದಲ ಸಾಲಿನಲ್ಲೇ ಇತ್ತು. ಅವನೇ ಅಲ್ಲಿ ಇಟ್ಟದ್ದು, ಎಷ್ಟೋ ವರ್ಷಗಳ ಹಿಂದೆ.

ಅವನು ಮೂರನೇ ಸಾಲಿನವರೆಗೆ ಓದಿದ್ದು ಕಣ್ಣಿನ ಚಲನೆಯಲ್ಲಿ ಗೊತ್ತಾಯಿತು. ನಾಲ್ಕನೆಯದನ್ನು ಓದಿದ. ಮತ್ತೆ ಮೇಲೆ ಹೋದ. ಹೆಬ್ಬೆರಳು ಒತ್ತಿ ಹಿಡಿಯಿತು. ಮಶೀನಿನ ಸಾಲಿನ ಮುಂದೆ ‘ಬೇಡ’ ಬಿತ್ತು. ನಳಿಗೆಯ ಸಾಲಿನ ಮುಂದೆ ‘ಬೇಡ’. ಆಸ್ಪತ್ರೆಯ ಸಾಲಿಗೆ ಬಂದಾಗ ಬೆರಳು ಜಾರಿತು. ನಾನು ಹಿಡಿದು ಕೂಡಿಸಲು ಹೋದೆ, ಅವನ ಕಣ್ಣು ನೋಡಿ ಕೈ ಹಿಂದೆ ತೆಗೆದೆ. ಅವನೇ ಒತ್ತಿದ. ‘ಬೇಡ’. ನಾಲ್ಕನೆಯ ಸಾಲಿಗೆ ಮೆನುವಿನಲ್ಲಿ ಒಂದು ಸಾಲು ಕೆಳಗಿಳಿಯಬೇಕಿತ್ತು. ಅಷ್ಟಕ್ಕೆ ಅವನಿಗೆ ಬಹಳ ಹೊತ್ತು ಹಿಡಿಯಿತು. ಮುಂದಿನ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಕೊನೆಗೆ ಬಿತ್ತು: ‘ಹೀಗೇ ಇರಲಿ. ಶಾರದಾ ಜೊತೆಗೆ ಇರುತ್ತಾಳೆ.’

ಅತ್ತಿಗೆ ಓದಿದಳು. “ನೀ ಬೇಕಂತ್ಲೇ ಮಾಡಿದ್ಯಾ?” ಎಂದು ನನ್ನನ್ನು ಕೇಳಿದಳು.

“ಇಲ್ಲ ಅತ್ತಿಗೆ. ತೋರ್ಸೂ ಫೈಲು ಅಂತ ಕೈ ಹೋತು.”

ಅವಳು ನಂಬಿದಳೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಹಿಂಬಾಗಿಲು ತೆಗೆದು ಇಳಿದಳು. ಮುಚ್ಚಿದ್ದ ಒಂದು ಅಂಗಡಿಯ ಕಟ್ಟೆಯ ಹತ್ತಿರ ಹೋಗಿ, ಮೇಲೆ ಹಂಚಿನ ಮಾಡು ಇದ್ದರೂ ಅದರ ಹೊರಗೆ ಮಳೆಯಲ್ಲಿ ನಿಂತಳು. ಡ್ರೈವರು ಕೊಡೆ ಹಿಡಿದುಕೊಂಡು ಹೋದ. ಅವಳು ಅವನಿಗೆ ಬೆನ್ನು ಹಾಕಿದಳು. ಅವನು ಅಲ್ಲೇ ಕೊಡೆ ಹಿಡಿದು ನಿಂತುಕೊಂಡ. ವಾಪಸು ಬಂದು ಹತ್ತುವಾಗ ಅವಳ ಸೀರೆಯಿಂದ ನೀರು ಹರಿಯುತ್ತಿತ್ತು. ದತ್ತಣ್ಣನನ್ನು ನೋಡದೆ ಡ್ರೈವರಿಗೆ, “ತಿರ್ಗ್ಸಿ ತಮ್ಮಾ. ಮನೆಗೆ ಹೋಗ್ವ” ಅಂದಳು.

ಅವನು ಶಾಂತವಾಗಿ ಹೋದ ಎಂದು ಬರೆಯಲು ನನಗೆ ಬರುವುದಿಲ್ಲ. ಉಸಿರಿಗೆ ಒದ್ದಾಡಿ ಹೋದ. ಡಾಕ್ಟರು ಕೊಟ್ಟ ಮದ್ದಿನಿಂದ ಒದ್ದಾಟ ಕಡಿಮೆಯಾಯಿತು, ಇಲ್ಲದಾಗಲಿಲ್ಲ. ಹೆಬ್ಬೆರಳು ಅದಕ್ಕೂ ಮೊದಲೇ ನಿಂತಿತ್ತು. ಆ ದಿನಗಳಲ್ಲಿ ಅತ್ತಿಗೆ ಅವನ ಹಾಸಿಗೆ ಬಿಟ್ಟು ಎದ್ದದ್ದೇ ಕಡಿಮೆ. ಅವನ ಉಸಿರು ಎಳೆದಾಗಲೆಲ್ಲ ಅವಳು ನನ್ನ ಕಡೆ ನೋಡುತ್ತಿದ್ದಳು. ಮಶೀನು ಇದ್ದಿದ್ದರೆ, ಎಂಬ ನೋಟ ಅದು. ನಾನೂ ಅದನ್ನೇ ಯೋಚಿಸುತ್ತಿದ್ದೆ. ಅವನು ಬೇಡ ಅಂದದ್ದನ್ನು ನಾವು ಪಾಲಿಸಿದ್ದು ಸರಿ ಎಂದು ಹೊರಗಿನವರು ಹೇಳುತ್ತಾರೆ. ಆ ಕೋಣೆಯಲ್ಲಿ ಕೂತವರಿಗೆ ಸರಿ ಯಾವುದೂ ಕಾಣುತ್ತಿರಲಿಲ್ಲ. ಚೌತಿಗೆ ಮುಂಚೆ, ಒಂದು ಮಧ್ಯಾಹ್ನ, ಮಳೆ ಹೊಳವಾಗಿ ಬಿಸಿಲು ಬಿದ್ದಾಗ ಅವನ ಉಸಿರು ನಿಂತಿತು.

ಉತ್ತರಕ್ರಿಯೆಯ ಕಾರ್ಡು ನಾನಲ್ಲದೆ ಮತ್ತ್ಯಾರು ಮಾಡಬೇಕು? ಅಂಗಡಿಯ ಬಾಗಿಲು ತೆಗೆದು ಕೂತೆ. ಹೊಸ ಫೈಲು ತೆರೆದು ಅದರ ಜಾತಿ ಬರೆದಾಗ ಸಾವಿನ ಮೆನು ಮೇಲೆ ಬಂತು. ಎಲ್ಲ ವಾಕ್ಯಗಳೂ ಅವನೇ ತಿದ್ದಿ ತೀಡಿ ಇಟ್ಟವು. ‘ದೈವಾಧೀನರಾದರೆಂದು ತಿಳಿಸಲು ವಿಷಾದಿಸುತ್ತೇವೆ.’ ನಾನು ಹೆಸರು ಸೇರಿಸುವುದು ಮಾತ್ರ ಉಳಿದಿತ್ತು. ಅಷ್ಟು ಬೇಗ ಮುಗಿಯುವ ಕೆಲಸವಾಗಿ ಅದನ್ನು ಮಾಡಿಟ್ಟದ್ದಕ್ಕೆ ನನಗೆ ಅವನ ಮೇಲೆ ಸಿಟ್ಟು ಬಂತು.

ಕಾರ್ಡನ್ನು ಪ್ರೂಫ್ ಎಂದು ಉಳಿಸಿದೆ, ನೋಡಲು ಅತ್ತಿಗೆಯೇ ಬಂದಳು. ಬರಬೇಡ, ಫೋನಿನಲ್ಲಿ ಓದುತ್ತೇನೆ ಅಂದರೂ ಕೇಳಲಿಲ್ಲ. ಸಾವಿನ ಕಾರ್ಡನ್ನು ಅವಳು ಕಣ್ಣೆತ್ತಿ ನೋಡಿದ್ದು ಅದೇ ಮೊದಲು. ಅವನ ಕುರ್ಚಿಯಲ್ಲಿ ಕೂತು, ಕನ್ನಡಕ ಹಾಕಿಕೊಂಡು ನಿಧಾನ ಓದಿದಳು. ಅವನ ಹೆಸರು, ಊರು, ಕ್ರಿಯೆ ನಡೆಯುವ ಜಾಗ, ಕೆಳಗೆ ತನ್ನ ಹೆಸರು. ಎಲ್ಲದಕ್ಕೂ “ಹೀಂಗೇ ಇರ್ಲಿ” ಅಂದಳು. ನಾನು ಒಂದೊಂದಕ್ಕೂ ಒತ್ತುತ್ತ ಹೋದೆ. ಆಮೇಲೆ ಬೆರಳನ್ನು ಮೇಲೆ ಒಯ್ದು, ದೈವಾಧೀನರಾದರು ಎಂಬ ಸಾಲಿನ ಮೇಲಿಟ್ಟಳು.

“ಸುಮಾ, ಇದು ಬ್ಯಾಡ” ಅಂದಳು.

ಆ ಪದವನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೊಂದು ಸಲ ಮಾತ್ರ. ಮೆನುವಿನ ಮೊದಲ ಸಾಲು ಒತ್ತಿದೆ. ಸಾಲಿನ ಮುಂದೆ ‘ಬೇಡ’ ಬಿತ್ತು. ಅವಳು ಅದನ್ನು ನೋಡುತ್ತ ಕೂತಳು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ನೋಡಿದಳು, ಎದ್ದಳು. “ಆತು, ಬತ್ತೆ” ಎಂದು ಹೇಳಿ ಬಸ್ಸಿಗೆ ಹೋದಳು.

ನೆಂಟರಿಗೆ ಕಾರ್ಡು ಮುಟ್ಟಬೇಕಿತ್ತು, ಪ್ರೆಸ್ಸಿನವರು ಕಾಯುತ್ತಿದ್ದರು. ಅವಳ ಬಸ್ಸು ಹೊರಟ ಮೇಲೆ ‘ಬೇಡ’ ಎಂಬ ಆ ಒಂದು ಪದವನ್ನು ಅಳಿಸಿ, ಸಾಲನ್ನು ಉಳಿಸಿ, ಅಚ್ಚಿಗೆ ಕಳಿಸಿದೆ. ದತ್ತಣ್ಣನ ಅಂಗಡಿಯಲ್ಲಿ ಬೇಡ ಅಂದ ಸಾಲು ಅಚ್ಚಾದದ್ದು ಅದೊಂದೇ.